ಹರಿಹರದ ಬ್ರೌಸರ್ ರಿಪೇರಿ

ಬಕ್ಕೇಶ ಕಂಪ್ಯೂಟರ್ ಇಂಜಿನಿಯರ್ ಎಂಬ ಸುಳ್ಳನ್ನು ಹೇಳಿದ್ದು ಬಕ್ಕೇಶನಲ್ಲ, ಅವನ ಸೋದರತ್ತೆ ಕೊಟ್ರವ್ವ. ಅವನು ಕೆಲಸಕ್ಕಿದ್ದದ್ದು ದಾವಣಗೆರೆಯ ನಿಟ್ಟುವಳ್ಳಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಹನ್ನೊಂದು ಟೈಪ್‌ರೈಟರುಗಳ ನಡುವೆ ಮಾಲೀಕರು ಒಂದು ಕಂಪ್ಯೂಟರ್ ತಂದಿಟ್ಟಿದ್ದರು. ಬೆಳಿಗ್ಗೆ ಅದರ ಮುಸುಕು ತೆಗೆಯುವುದು, ಸಂಜೆ ಹೊದಿಸುವುದು, ನಡುವೆ ಕಲಿಯಲು ಬಂದವರಿಗೆ ಮೌಸ್ ಹಿಡಿಯುವುದನ್ನು ತೋರಿಸುವುದು ಬಕ್ಕೇಶನ ಪಾಲಿಗೆ ಬಂದಿತ್ತು. ಕೊಟ್ರವ್ವ ಈ ಸುದ್ದಿಯನ್ನು ಹರಿಹರಕ್ಕೆ ಮುಟ್ಟಿಸುವಷ್ಟರಲ್ಲಿ ಅದು ಇಂಜಿನಿಯರಿಂಗ್ ಆಗಿಬಿಟ್ಟಿತ್ತು.

ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ವಾಮದೇವಪ್ಪನವರ ಮಗಳು ಅಂಕಿತಾಳನ್ನು ಅವನು ಹೋದ ತಿಂಗಳು ನೋಡಿ ಬಂದಿದ್ದ. ಮಂಡಕ್ಕಿ ತಟ್ಟೆ ಕೊಡುವಾಗ ಅವಳು, "ಖಾರ ಆದ್ರೆ ಹೇಳ್ರಿ" ಎಂದಿದ್ದಳು. ಅಷ್ಟೇ. ಆದರೆ ಈ ಜನ್ಮದಲ್ಲಿ ಅಂಥ ಮಾತನ್ನು ಯಾರೂ ತನಗೆ ಹೇಳಿರಲಿಲ್ಲವೆಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಹುಡುಗಿಯ ಕಡೆಯಿಂದ ಮಾತ್ರ ಹೂಂ ಇಲ್ಲ, ಉಹೂಂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೊಟ್ರವ್ವ ಏದುಸಿರು ಬಿಡುತ್ತ ಬಂದಳು.

"ಏಳೋ ಬಕ್ಕೇಶ. ವಾಮದೇವಪ್ಪಾರ ಮನ್ಯಾಗೆ ಇಂಟರ್‌ನೆಟ್ ಕೆಟ್ಟೈತಂತೆ. ಮಾರಿದೋನು ಎರಡು ಸಲ ಬಂದು ಹೋದ್ರೂ ಸರಿ ಆಗಿಲ್ಲ. ನಿನ್ನೇ ಕರಕೊಂಡು ಬಾ ಅಂದಾರೆ. ಇದೊಂದು ಸರಿ ಮಾಡಿದ್ರೆ ಹುಡುಗಿ ನಿಂದೇ ಅಂತ ತಿಳ್ಕೊ."

"ಅತ್ತೆ, ನಂಗೆ ರಿಪೇರಿ ಬರಲ್ಲ."

"ಮದುವಿ ಆದಮ್ಯಾಲೆ ಕಲಿ."

ಹರಿಹರದ ಮನೆಯಲ್ಲಿ ಕಂಪ್ಯೂಟರ್ ನಡುಮನೆಯಲ್ಲೇ ಇತ್ತು. ಅದರ ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ. ವಾಮದೇವಪ್ಪನವರು ಎದ್ದು ನಿಂತು, "ಬರ್ರಿ, ಕೂಡ್ರಿ, ನಿಮ್ಮನ್ನೇ ಕಾಯ್ತಿದ್ವಿ" ಎಂದರು. ಪಕ್ಕದ ಮನೆಯ ಕೆಂಚವೀರಪ್ಪ ಆಗಲೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರೈಲ್ವೆಯಲ್ಲಿ ನಿವೃತ್ತರಾದ ಮೇಲೆ ಊರಿನಲ್ಲಿ ಕೆಟ್ಟದ್ದೆಲ್ಲ ತಮ್ಮದೇ ಜವಾಬ್ದಾರಿ ಎಂದು ಅವರು ನಂಬಿದ್ದರು.

"ಮೊದ್ಲು ಫೋನು ಕುಂಯ್ ಅಂತೈತೆ," ಎಂದರು ವಾಮದೇವಪ್ಪ. "ಆಮ್ಯಾಲೆ ಇಲ್ಲಿ ಒತ್ತಿದ್ರೆ ಬ್ರೌಸರ್ ಬರ್ತೈತೆ. ಬಂದಿದ್ದೇ ತಡ, ಸಾಯ್ತೈತೆ."

ಸತ್ತಾಗಲೆಲ್ಲ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡುತ್ತಿದ್ದವು. ಕೆಂಚವೀರಪ್ಪ ಅದನ್ನು ಓದಿ ಅರ್ಥ ಹೇಳಿದರು: "ಏನೋ ಅಕ್ರಮ ನಡ್ದೈತೆ, ಅದಕ್ಕೆ ಬಾಗ್ಲು ಹಾಕ್ತಿದೀವಿ ಅಂತ ಬರ್ದಾರೆ."

"ಮೂರು ತಲೆಮಾರಿಂದ ಗಿರಣಿ ನಡಸ್ತೀವಿ," ವಾಮದೇವಪ್ಪನವರ ಮುಖ ಕೆಂಪಾಯಿತು. "ಅಕ್ರಮ ಅಂತ ಮುಖದ ಮ್ಯಾಲೆ ಯಾರೂ ಅಂದಿಲ್ಲ."

ಬಕ್ಕೇಶ ತನಗೆ ಗೊತ್ತಿದ್ದ ಏಕೈಕ ಚಿಕಿತ್ಸೆ ಮಾಡಿದ. ಸ್ವಿಚ್ ಆರಿಸಿದ, ಹಾಕಿದ. ವಾಮದೇವಪ್ಪನವರು ಒತ್ತಿದರು. ಬ್ರೌಸರ್ ಬಂತು, ಸತ್ತಿತು. "ಕಾವು ಜಾಸ್ತಿ ಆಗೈತೆ" ಎಂದು ಕೆಂಚವೀರಪ್ಪ ಟೇಬಲ್ ಫ್ಯಾನ್ ತಂದು ಹಚ್ಚಿದರು. ವಿಭೂತಿಯೆಲ್ಲ ಹಾರಿ ಬಕ್ಕೇಶನ ಕಣ್ಣಿಗೆ ಬಿತ್ತು. "ಬಂದೋರೆಲ್ಲ ನೋಡಿ ನೋಡಿ ದೃಷ್ಟಿ ಆಗೈತೆ" ಎಂದು ವಾಮದೇವಪ್ಪನವರ ಹೆಂಡತಿ ಕಸ್ತೂರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಇಂಜಿನಿಯರ್ ಅಂದಮೇಲೆ ಏನಾದರೂ ಬಿಚ್ಚಲೇಬೇಕಲ್ಲ ಎಂದು ಬಕ್ಕೇಶ ಡಬ್ಬಿ ಬಿಚ್ಚಿದ, ಒಳಗೆ ಉಫ್ ಎಂದು ಊದಿದ, ಮುಚ್ಚಿದ. ಎರಡು ಸ್ಕ್ರೂ ಉಳಿದವು. ಯಾರೂ ನೋಡದಂತೆ ಜೇಬಿಗೆ ಹಾಕಿಕೊಂಡ. ಬಾಗಿಲ ಸಂದಿಯಿಂದ ಅಂಕಿತಾ ನೋಡುತ್ತಿದ್ದಳು.

ಮಧ್ಯಾಹ್ನ ವಾಮದೇವಪ್ಪನವರು ಪೂಜೆಗೆ ಎದ್ದರು, ಕೆಂಚವೀರಪ್ಪ ಊಟಕ್ಕೆ ಹೋದರು. ಒಬ್ಬನೇ ಉಳಿದ ಬಕ್ಕೇಶ ಕೊನೆಯದಾಗಿ ತಾನೇ ಒಮ್ಮೆ ಒತ್ತಿ, ಎರಡೂ ಕೈ ತಲೆಯ ಮೇಲೆ ಹೊತ್ತು ಕೂತ. ಬ್ರೌಸರ್ ನಿಧಾನಕ್ಕೆ ತೆರೆದುಕೊಂಡಿತು. ಕಾಲು ಗಂಟೆಯಾದರೂ ಸಾಯಲಿಲ್ಲ. ಅವನಿಗೆ ಕುಣಿಯಬೇಕೆನ್ನಿಸಿತು.

ಪೂಜೆ ಮುಗಿಸಿ ಬಂದವರಿಗೆ ಮೊದಲಿನಿಂದ ತೋರಿಸೋಣವೆಂದು ಅದನ್ನು ಮುಚ್ಚಿ, ಮೌಸನ್ನು ಅವರ ಕೈಗೇ ಕೊಟ್ಟ. ವಾಮದೇವಪ್ಪನವರು ಟಕ ಟಕ ಟಕ ಟಕ ಎಂದು ಒತ್ತಿದರು. ಅಷ್ಟರಲ್ಲಿ ಮರಳಿ ಬಂದ ಕೆಂಚವೀರಪ್ಪ, "ತಡ್ರಿ, ಜೋರಾಗಿ ಒತ್ಬೇಕು" ಎಂದು ತಾವೂ ನಾಲ್ಕು ಒತ್ತಿದರು. ಬ್ರೌಸರ್ ಸತ್ತಿತು.

"ಯಾಕ್ರೀ ಅಷ್ಟು ಸಲ ಒತ್ತಿದ್ರಿ?" ಎಂದ ಬಕ್ಕೇಶ ಮೆಲ್ಲಗೆ.

"ಒಂದು ಸಲ ಕರೆದ್ರೆ ಯಾರು ಬರ್ತಾರ್ರೀ? ನಮ್ಮ ಗಿರಣ್ಯಾಗೆ ನಾಲ್ಕು ಸಲ ಕೂಗಿದ್ರೆ ಒಬ್ಬ ಹಮಾಲ ಬರ್ತಾನೆ."

ಬಕ್ಕೇಶನಿಗೆ ಎಲ್ಲ ತಿಳಿಯಿತು. ಗಿರಣಿಯಲ್ಲಿ ನಾಲ್ಕು ಕೂಗಿಗೆ ಒಬ್ಬ ಬಂದರೆ, ಇಲ್ಲಿ ಎಂಟು ಒತ್ತಿಗೆ ಎಂಟು ಬ್ರೌಸರು ಒಟ್ಟಿಗೆ ಎದ್ದು ಬರುತ್ತಿದ್ದವು. ಪುಟ್ಟ ಕಂಪ್ಯೂಟರಿಗೆ ಅಷ್ಟನ್ನು ಹೊರುವ ತ್ರಾಣವಿರಲಿಲ್ಲ. ಆದರೆ ತಪ್ಪು ನಿಮ್ಮದೇ ಎಂದು ಹೆಣ್ಣು ಕೊಡುವವರ ಮುಂದೆ ಹೇಳುವುದು ಹೇಗೆ? ಹೇಳಿದರೆ ಬ್ರೌಸರ್ ಉಳಿಯುತ್ತದೆ, ಅಂಕಿತಾ ಹೋಗುತ್ತಾಳೆ.

ಅವನು ಗಂಟಲು ಸರಿಮಾಡಿಕೊಂಡ. "ಇದು ಭಾಳ ಸೂಕ್ಷ್ಮದ ಮಿಷನ್‌ರೀ. ಒಂದೇ ಸಲ ಒತ್ಬೇಕು. ಕೂಡ್ಲೇ ಕೈ ಮುಗಿದು, ಕಣ್ಣು ಮುಚ್ಚಿ, ನೂರೆಂಟು ಸಲ ಓಂ ನಮಃ ಶಿವಾಯ ಅನ್ಬೇಕು. ನಡುವೆ ಕೈ ಬಿಡಂಗಿಲ್ಲ. ಮನ್ಯಾಗೆ ಇರೋರೆಲ್ಲ ಕೈ ಮುಗಿದಿರಬೇಕು."

ಇಂಥ ಮಾತು ಆಡಿದ ಇಂಜಿನಿಯರನ್ನು ವಾಮದೇವಪ್ಪನವರು ಅದುವರೆಗೆ ಕಂಡಿರಲಿಲ್ಲ. ಒಂದು ಸಲ ಒತ್ತಿ ಕಣ್ಣು ಮುಚ್ಚಿದರು. ಕೆಂಚವೀರಪ್ಪನವರೂ ವಿಧಿಯಿಲ್ಲದೆ ಕೈ ಮುಗಿದರು. ನೂರೆಂಟು ಮುಗಿದು ಕಣ್ಣು ತೆರೆದಾಗ ಪರದೆಯ ಮೇಲೆ ಲಂಡನ್ನಿನ ಹವಾಮಾನ ಇತ್ತು. ಅಲ್ಲಿ ಮಳೆಯಂತೆ. ಮನೆಯವರೆಲ್ಲ ಅದನ್ನು ಅರ್ಧ ಗಂಟೆ ನೋಡಿದರು.

"ಭತ್ತಕ್ಕೆ ಒಳ್ಳೇದಾತು ಬಿಡ್ರಿ," ಎಂದರು ಕೆಂಚವೀರಪ್ಪ.

ವಾಮದೇವಪ್ಪನವರು ಬಕ್ಕೇಶನ ಹೆಗಲ ಮೇಲೆ ಕೈ ಹಾಕಿದರು. "ನೀನು ಇವತ್ತಿಂದ ನಮ್ಮ ಮನಿ ಹುಡುಗ ಕಣಪ್ಪ."

ಬೆಳಿಗ್ಗೆಯಿಂದ ನೀವು ಎನ್ನುತ್ತಿದ್ದವರು ನೀನು ಎಂದಿದ್ದರು. ಬಕ್ಕೇಶನ ಎದೆ ತುಂಬಿ ಬಂತು. ಕೊಟ್ರವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಹಂಗಾರೆ ಮದುವಿ ಮಾತು ಇವತ್ತೇ ಮುಗಿಸಾಣ್ರಿ."

"ಮದುವಿ?" ಎಂದರು ವಾಮದೇವಪ್ಪ. "ಅದನ್ನೇ ಪೂಜಿ ಹೊತ್ನಾಗೆ ಯೋಚ್ನೆ ಮಾಡ್ತಿದ್ದೆ ತಾಯಿ. ಈ ಕಂಪ್ಯೂಟರು ವಾರಕ್ಕೊಂದು ಸಲ ಕೆಡ್ತೈತೆ. ಇವನ್ನ ಅಳಿಯನ್ನ ಮಾಡ್ಕೊಂಡ್ರೆ ಆಮ್ಯಾಲೆ ಬಾ, ಇದನ್ನ ನೋಡು ಅನ್ನಕ್ಕೆ ಆಗ್ತೈತಾ? ಅಳಿಯನ ಕೈಲಿ ಕೆಲ್ಸ ಮಾಡ್ಸಿದ್ರು ಅಂತ ಊರೇ ಆಡ್ಕೊಳ್ತೈತೆ. ಅಳಿಯ ಬಂದ್ರೆ ಮಣೆ ಹಾಕಿ ಕೂರಿಸಿ ಹೋಳಿಗಿ ಬಡಿಸ್ಬೇಕು. ಕೆಲ್ಸ ಬರೋ ಹುಡುಗನ್ನ ತಂದು ಹಂಗೆ ಕೂರಿಸಿ ಹಾಳು ಮಾಡಕ್ಕೆ ನಂಗೆ ಮನಸ್ಸಿಲ್ಲ. ರಾಣೆಬೆನ್ನೂರಾಗೆ ಒಬ್ಬ ಹುಡುಗ ಐದಾನೆ, ಅವನಿಗೆ ಏನೂ ಬರಲ್ಲ. ಅಂಕಿತಾಗೆ ಅವನೇ ಸರಿ."



"ಅಂಕಿತಾ," ಎಂದು ಅವರು ಒಳಗೆ ಕೂಗಿದರು, ನಾಲ್ಕು ಸಲ. "ಬಕ್ಕೇಶಗೆ ಚಾ ತಾರವ್ವ."

ಚಹಾ ಬಂತು. ಅಂಕಿತಾ ಲೋಟವನ್ನು ಅವನ ಕೈಗೇ ಕೊಟ್ಟಳು.

"ತಗಳ್ರಿ ಅಣ್ಣಾ," ಎಂದಳು. "ಮುಂದಿನ ಭಾನುವಾರ ಬರುವಾಗ ಲಗ್ನಪತ್ರಿಕೆಗೆ ಎರಡು ಡಿಸೈನ್ ಹಾಕ್ಕೊಂಡು ಬರ್ರಿ."