ಸರಿಯಿಲ್ಲದ ಮೀನು

ಪರಿಸರ ಉಳಿಸಲು ಹೊರಟವರ ಕೈಯಲ್ಲಿ ಮೊದಲು ಉಳಿಯದೆ ಹೋಗುವುದು ಅವರದೇ ಮಾನ. ಇದು ಎಲ್ಲ ಕಡೆ ನಡೆಯುತ್ತಲೇ ಇರುತ್ತದೆ, ಪೀಣ್ಯದಲ್ಲಿ ಸ್ವಲ್ಪ ಜಾಸ್ತಿ. ನಾನು ಅಲ್ಲೊಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಬಚ್ಚಲುಮನೆಯ ನಲ್ಲಿಗಳನ್ನು ರಾಸಾಯನಿಕದಲ್ಲಿ ಅದ್ದಿ ಹೊಳಪು ಕೊಡುವುದು ನಮ್ಮ ಕಸುಬು. ನಲ್ಲಿ ಫಳಫಳ, ಹಿಂದಿನ ಮೋರಿ ಹಸಿರು. ಆ ವರ್ಷ ಮಾಲಿನ್ಯ ತಪಾಸಣೆಯವರು ಬಂದು ನೋಡಿ ನಮ್ಮ ಪರವಾನಗಿ ನವೀಕರಿಸಬೇಕಿತ್ತು. ಅವರು ಒಲ್ಲೆ ಎಂದರೆ ಗೇಟಿಗೆ ಬೀಗ, ನಾನೂ ಸೇರಿ ನಲವತ್ತು ಜನ ಮನೆಗೆ. ಹಾಗಾಗಿ ನಮ್ಮ ಓನರಿಗೆ ಇದ್ದಕ್ಕಿದ್ದಂತೆ ಭೂಮಿತಾಯಿಯ ಮೇಲೆ ಪ್ರೀತಿ ಉಕ್ಕಿತು.

೧. ಹಸಿರು ಚೀಲ

ಒಂದು ಸೋಮವಾರ ಓನರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ನೋಡ್ರೀ, ಪರಿಸರ ಕಾಪಾಡೋದು ಪ್ರತಿಯೊಬ್ಬರ ಜವಾಬ್ದಾರಿ," ಎಂದರು. ಆ ಪ್ರತಿಯೊಬ್ಬರೂ ನಾನೇ ಎಂಬಂತೆ ಬೆರಳು ನನ್ನ ಕಡೆ ತಿರುಗಿತು. "ಇವತ್ತಿಂದ ನೀವೇ ನಮ್ಮ ಪರಿಸರ ಉಸ್ತುವಾರಿ."

ಆಮೇಲೆ ಎಲ್ಲರಿಗೂ ಎರಡೆರಡು ಹಸಿರು ಬಟ್ಟೆ ಚೀಲ ಹಂಚಿದರು. ಮೇಲೆ 'ಪ್ಲಾಸ್ಟಿಕ್ ತ್ಯಜಿಸಿ' ಎಂದು ದಪ್ಪಕ್ಷರ. ಒಂದೊಂದು ಚೀಲವೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಬಂದಿತ್ತು. ಕವರುಗಳನ್ನೆಲ್ಲ ಗುಡಿಸಿ ರಾಶಿ ಹಾಕಿ, ಏನು ಮಾಡಲಿ ಎಂದು ಕೇಳಿದೆ.

"ಸುಟ್ಟಾಕ್ರೀ. ನಮ್ಮ ಕಾಂಪೌಂಡಲ್ಲಿ ಒಂದು ಚೂರೂ ಪ್ಲಾಸ್ಟಿಕ್ ಕಾಣ್ಬಾರ್ದು."

೨. ಊಟದ ಹೊತ್ತು

ಊರಿಗೆಲ್ಲ ಬುದ್ಧಿ ಹೇಳುವ ನಾನೇನು ಸಾಚಾ ಅಲ್ಲ. ಬಾಗಲಗುಂಟೆಯ ನಮ್ಮ ಬೀದಿಗೆ ಕಸದ ಆಟೋ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಹೊರಟಿರುತ್ತಿದ್ದೆ. ಆಟೋ ಬಂದಾಗ ಹೆಂಡತಿಗೆ ಒಲೆ ಮುಂದಿನಿಂದ ಏಳಲು ಪುರುಸೊತ್ತಿಲ್ಲ. "ಹೋಗ್ತಾ ಎಲ್ಲಾದ್ರೂ ಎಸೆದ್ಬಿಡ್ರೀ," ಎಂದು ಕಸವನ್ನು ಸ್ಕೂಟರಿಗೆ ನೇತುಹಾಕುತ್ತಿದ್ದಳು. ಜಾಲಹಳ್ಳಿ ಕ್ರಾಸ್ ಹತ್ತಿರ ಮೆಟ್ರೋ ಕಂಬದ ಬುಡಕ್ಕೆ, ಸ್ಕೂಟರ್ ನಿಲ್ಲಿಸದೆ, ತಲೆ ತಿರುಗಿಸದೆ ಎಸೆಯುವುದರಲ್ಲಿ ನನ್ನ ಕೈ ಪಳಗಿತ್ತು. ಹೆಲ್ಮೆಟ್ ಒಳಗಿದ್ದ ಮುಖ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯ ಬೇರೆ.

ಓನರ್ ಕೊಟ್ಟ ಚೀಲಗಳಲ್ಲಿ ಒಂದರ ಹೊಲಿಗೆ ಎರಡೇ ವಾರಕ್ಕೆ ಬಿಚ್ಚಿಕೊಂಡಿತು. ಹೆಂಡತಿ ಅದಕ್ಕೆ ಕಸ ತುಂಬಿದಳು, ಇನ್ನೊಂದಕ್ಕೆ ಊಟದ ಡಬ್ಬಿ ಇಟ್ಟಳು. ಅಂದು ಕಂಬದ ಬುಡಕ್ಕೆ ಒಂದನ್ನು ಎಸೆದು ಹಗುರಾಗಿ ಕಾರ್ಖಾನೆ ಸೇರಿದೆ.

ಮಧ್ಯಾಹ್ನ ಎಲ್ಲರ ನಡುವೆ ಕೂತು ಚೀಲಕ್ಕೆ ಕೈ ಹಾಕಿದರೆ ಈರುಳ್ಳಿ ಸಿಪ್ಪೆ, ಮೊಟ್ಟೆ ಓಡು, ಮುರಿದ ಬಾಚಣಿಗೆ. ಹೊಟ್ಟೆ ಹಸಿವಿಗಿಂತ ನಾಚಿಕೆ ಹೆಚ್ಚಾಯಿತು. ಎದುರಿಗೆ ಕೂತಿದ್ದವನು ಕೊಪ್ಪಳದ ಕಡೆಯಿಂದ ಬಂದ ನಮ್ಮ ಕೆಲಸಗಾರ, ಕೊಳೆನೀರು ಶುದ್ಧ ಮಾಡುವ ಯಂತ್ರ ನೋಡಿಕೊಳ್ಳುವವನು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದೆ ಇಟ್ಟು ನಿಧಾನಕ್ಕೆ ಹೇಳಿದ:

"ಅಣ್ಣಾರ, ಹಸಿ ಕಸ ಒಣ ಕಸ ಬ್ಯಾರೆ ಮಾಡ್ರಿ ಅಂತ ನೀವ ಹೇಳಿದ್ರಿ. ಎರಡೂ ಕೂಡಿಸಿ ಉಣ್ಣಾಕ ತಂದೀರಲ್ಲ?"

೩. ಮೀನು

ಆ ಯಂತ್ರದ ವಿಷಯ ಹೇಳಲೇಬೇಕು. ಅದು ಓಡುತ್ತಿದ್ದುದು ತಪಾಸಣೆ ಹತ್ತಿರ ಬಂದಾಗ ಮಾತ್ರ, ಅದೂ ಕೆಟ್ಟು ಅರೆಬರೆ. ಮಿಕ್ಕ ದಿನ ಕೊಳೆನೀರು ನೇರ ಮೋರಿಗೆ. ನಮ್ಮ ಬೋರ್‌ವೆಲ್ ನೀರು ಹಳದಿಯಾಗಿ, ಕುಡಿಯಲು ಕ್ಯಾನ್ ನೀರು ತರಿಸುತ್ತಿದ್ದೆವು. ಅದು ಯಾಕೆ ಹಳದಿಯಾಯಿತು ಎಂದು ನಮ್ಮನ್ನು ಬಿಟ್ಟು ಊರನ್ನೆಲ್ಲ ಬೈಯುತ್ತಿದ್ದೆವು.

ಶುದ್ಧವಾದ ನೀರು ಬಂದು ಬೀಳುವ ತೊಟ್ಟಿಯಲ್ಲಿ ಮೀನು ಸಾಕಿ ತೋರಿಸುವುದು ನಮ್ಮ ಕಡೆಯ ಕಾರ್ಖಾನೆಗಳ ಪದ್ಧತಿ. ಮೀನು ಬದುಕಿದರೆ ನೀರು ಚೆನ್ನಾಗಿದೆ ಎಂದರ್ಥ. ಓನರ್ ಯಂತ್ರ ಓಡಿಸಿ, ತೊಟ್ಟಿ ತುಂಬಿಸಿ, ಮೀನು ತರಿಸಿದರು. ಬೆಳಿಗ್ಗೆ ಬಿಟ್ಟದ್ದು ಊಟದ ಹೊತ್ತಿಗೆ ಹೊಟ್ಟೆ ಮೇಲಾಗಿ ತೇಲಿತು.

ಓನರ್ ಬಗ್ಗಿ ನೋಡಿ ಲೊಚಗುಟ್ಟಿದರು. "ಮೀನು ಸರಿಯಿಲ್ಲ ಕಣ್ರೀ. ಬೇರೆ ಅಂಗಡಿಯಿಂದ ತನ್ನಿ."

ಹೀಗೆ ಮೂರು ಅಂಗಡಿ ಆಯಿತು. ಮೂರೂ ಕಡೆಯ ಮೀನು ಸರಿಯಿರಲಿಲ್ಲ. ತಪಾಸಣೆಯ ದಿನ ಬೆಳಿಗ್ಗೆ, ಕೆಲಸ ಹೋಗುವ ಭಯಕ್ಕೆ ನಾನೇ ದಾರಿ ತೋರಿಸಿದೆ. ತೊಟ್ಟಿ ಖಾಲಿ ಮಾಡಿ ತೊಳೆದು, ಕಾರ್ಖಾನೆಯಲ್ಲಿದ್ದ ಹನ್ನೆರಡೂ ಕ್ಯಾನ್ ಕುಡಿಯುವ ನೀರು ಸುರಿದೆವು. ನಾಲ್ಕನೇ ಅಂಗಡಿಯ ಮೀನು ಬಾಲ ಆಡಿಸುತ್ತ ಓಡಾಡಿತು.

ಅಧಿಕಾರಿ ಮೇಡಂ ಬಂದು ಎಲ್ಲ ನೋಡಿದರು. ಬಿಸಿಲಿಗೆ ಬೆವರು ಒರೆಸಿಕೊಂಡು, "ಸ್ವಲ್ಪ ಕುಡಿಯೋಕೆ ನೀರು ಕೊಡಿ," ಎಂದರು. ನಮ್ಮ ಕೊಪ್ಪಳದವನು ಸ್ಟೀಲ್ ಲೋಟ ತೊಳೆದು, ಎಲ್ಲರೆದುರಿಗೆ ಮೀನಿನ ತೊಟ್ಟಿಯಲ್ಲಿ ಅದ್ದಿ ತಂದುಕೊಟ್ಟ.

"ಕುಡೀರಿ ಮೇಡಂರ. ಇವತ್ತ ಇಡೀ ಫ್ಯಾಕ್ಟರಿಯಾಗ ಕುಡಿಯೋಹಂಗ ಇರೋ ನೀರು ಇದೊಂದ ನೋಡ್ರಿ."

ಮೇಡಂ ಲೋಟ ನೋಡಿದರು, ಮೂಲೆಯಲ್ಲಿದ್ದ ಹನ್ನೆರಡು ಖಾಲಿ ಕ್ಯಾನ್ ನೋಡಿದರು. ಲೋಟವನ್ನು ಓನರ್ ಕೈಗಿಟ್ಟು, "ಮೊದಲು ನೀವು," ಎಂದರು. ಓನರಿಗೆ ಒಳಗೊಳಗೇ ಖುಷಿ. ತೀರ್ಥದಂತೆ ಕಣ್ಣಿಗೊತ್ತಿಕೊಂಡು ಒಂದೇ ಗುಟುಕಿಗೆ ಮುಗಿಸಿದರು.

"ಸರಿ. ಇನ್ನೊಂದು ಲೋಟ ಕುಡೀರಿ. ತೊಟ್ಟಿದಲ್ಲ, ಯಂತ್ರದಿಂದ ಬರೋ ಆ ಪೈಪಿಂದು."

ಓನರ್ ಮುಖ ಬೋರ್‌ವೆಲ್ ನೀರಿನ ಬಣ್ಣಕ್ಕೆ ತಿರುಗಿತು. ಅತ್ತಿತ್ತ ನೋಡಿ, ನನ್ನ ಬೆನ್ನು ತಟ್ಟಿ ಮುಂದಕ್ಕೆ ತಳ್ಳಿದರು. "ಇವರು ಕುಡೀತಾರೆ ಮೇಡಂ. ಇವರೇ ನಮ್ಮ ಪರಿಸರ ಉಸ್ತುವಾರಿ."

ಕೆಲಸ ಹೋದರೆ ಹೋಗಲಿ, ಜೀವ ಇರಲಿ ಅನ್ನಿಸಿತು. ಬಾಯಿಬಿಟ್ಟೆ.

"ಬೇಡ ಸಾರ್. ನಾನು ಸತ್ರೆ ಉಸ್ತುವಾರಿ ಸರಿಯಿಲ್ಲ ಅಂತ ಬೇರೆ ಅಂಗಡಿಯಿಂದ ತರಿಸ್ತೀರಿ!"

ಮೇಡಂ ಕಷ್ಟಪಟ್ಟು ನಗು ತಡೆದುಕೊಂಡು, ಪೈಪಿನ ನೀರನ್ನು ಬಾಟಲಿಗೆ ಹಿಡಿದು ಪರೀಕ್ಷೆಗೆ ಒಯ್ದರು. ಪರವಾನಗಿ ಸಿಗಲಿಲ್ಲ. ಮೂರು ತಿಂಗಳು ಗಡುವು ಸಿಕ್ಕಿತು. ಯಂತ್ರ ರಿಪೇರಿಯಾಗಿ ಹಗಲೂ ರಾತ್ರಿ ಓಡಿತು. ನಮ್ಮ ಕೊಪ್ಪಳದವನು ಪೈಪಿನ ನೀರನ್ನೇ ತುಂಬಿಸಿದ ತೊಟ್ಟಿಗೆ ಹೊಸ ಮೀನು ಬಿಟ್ಟ. ವಾರವಾಯಿತು, ತಿಂಗಳಾಯಿತು, ಒಂದೂ ಸಾಯಲಿಲ್ಲ. ಪರವಾನಗಿಯೂ ಬಂತು, ನಲವತ್ತು ಜನರ ಕೆಲಸವೂ ಉಳಿಯಿತು.

ಓನರ್ ತೊಟ್ಟಿಯೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿದರು.

"ನಾನು ಹೇಳ್ಲಿಲ್ವೇನ್ರೀ? ಆವಾಗಿನ ಮೀನೇ ಸರಿಯಿರ್ಲಿಲ್ಲ."