ಒಂದು ಒಳಗೆ, ಒಂದು ಹೊರಗೆ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂತಾರಲ್ಲ, ನಾನು ಕರೆಯುವುದಷ್ಟೇ ಅಲ್ಲ, ಹೆಗಲ ಮೇಲೆ ಹೊತ್ತುಕೊಂಡೇ ಬರುತ್ತೇನೆ. ಹಳೆಯ ರೇಡಿಯೋ, ಗ್ರಾಮೊಫೋನುಗಳ ಹುಚ್ಚು ಹಿಡಿದವನ ಹಣೆಬರಹವೇ ಇಷ್ಟು. ಠಾಣೆ ಶಹರದಲ್ಲೋ ವಾಶಿಯಲ್ಲೋ ನಮ್ಮಂಥವರೆಲ್ಲ ಒಂದು ಹಾಲ್ ಹಿಡಿದು ಆಗಾಗ ಪ್ರದರ್ಶನ ಇಡುತ್ತೇವೆ. ನಾನು ಹೋದ ಒಂದು ಪ್ರದರ್ಶನವೂ ಸುಸೂತ್ರವಾಗಿ ಮುಗಿದದ್ದು ನೆನಪಿಲ್ಲ.

ನಾವಿರುವುದು ಡೊಂಬಿವಲಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ನಾನು ಧಾರವಾಡ ಕಡೆಯವನು, ಹೆಂಡತಿ ಉಡುಪಿಯವಳು. ಮಗಳು ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಹಾಲ್‌ನ ಕಿಟಕಿ ಪಕ್ಕದ ಮೂಲೆಯಲ್ಲಿ ನನ್ನ ರೇಡಿಯೋಗಳು. ಅವುಗಳ ಸಲುವಾಗಿ ಹೆಂಡತಿ ಮಾಡಿದ ಕಾನೂನು ಒಂದೇ: "ಒಂದು ಒಳಗೆ ಬಂದ್ರೆ ಒಂದು ಹೊರಗೆ ಹೋಗ್ಬೇಕು." ಮೊದಲನೆಯ ರೇಡಿಯೋ ಬಂದಾಗ ನನ್ನ ಕೇರಂ ಬೋರ್ಡು ಹೋಯಿತು. ಎರಡನೆಯದು ಬಂದಾಗ ನನ್ನ ಆರಾಮ ಕುರ್ಚಿ. ಹೊರಗೆ ಹೋಗುವುದೆಲ್ಲ ನನ್ನದೇ ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಷ್ಟರಲ್ಲಿ ಉಡುಪಿಯಲ್ಲಿ ಅತ್ತೆಗೆ ಮಂಡಿನೋವು ಜೋರಾಯಿತು. ಅವರನ್ನು ಇಲ್ಲಿಗೇ ಕರೆತರುವುದೆಂದು ಮಾತಾಯಿತು. ಮಂಚ ಹಾಕಲು ಗಾಳಿ ಬೆಳಕಿನ ಜಾಗ ಅಂದರೆ ಅದೇ ಕಿಟಕಿ ಮೂಲೆ. ಅತ್ತೆ ಬರುವುದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ. ಅವರು ಬಂದರೆ ನೀರುದೋಸೆ ಗ್ಯಾರಂಟಿ. ಆದರೆ ನನ್ನ ರೇಡಿಯೋಗಳು ಮಾಳಾದ ಮೇಲೆ, ಅಂದರೆ ಅಟ್ಟದಲ್ಲಿ, ಹಳೆ ಬಕೆಟ್ಟುಗಳ ಜೊತೆ ಬೀಳುವುದು ನನ್ನಿಂದ ನೋಡಲಾಗದ ಮಾತು.

ಫ್ಯೂಜು

ನಮ್ಮ ಪ್ರದರ್ಶನಗಳಲ್ಲಿ ಎರಡು ಜಾತಿ. ಒಂದು ರೇಡಿಯೋದವರದು, ಇನ್ನೊಂದು ಗ್ರಾಮೊಫೋನಿನವರದು. ಚಹಾ ಒಟ್ಟಿಗೆ ಕುಡಿದರೂ ಒಳಗೊಳಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು.

ಠಾಣೆಯ ಪ್ರದರ್ಶನಕ್ಕೆ ಒಬ್ಬ ನಗರಸೇವಕರು, ಅಂದರೆ ಕಾರ್ಪೊರೇಟರು, ಉದ್ಘಾಟನೆಗೆ ಬಂದಿದ್ದರು. ಅವರು ದೀಪ ಹಚ್ಚಿದ ಕೂಡಲೇ ಹಾಲ್‌ನ ಎಲ್ಲ ರೇಡಿಯೋಗಳೂ ಒಮ್ಮೆಗೇ ಮಾತಾಡಬೇಕು ಅಂತ ನಾವು ಗುಟ್ಟಾಗಿ ಮಸಲತ್ತು ಮಾಡಿದ್ದೆವು. ದೀಪ ಹತ್ತಿತು. ನಾವು ಒಟ್ಟಿಗೆ ಸ್ವಿಚ್ ಒತ್ತಿದೆವು. ಎಲ್ಲಿಯೋ "ಟಪ್" ಅಂತ ಸಪ್ಪಳ ಬಂತು. ರೇಡಿಯೋ ಹೋಗಲಿ, ಫ್ಯಾನು, ಮೈಕು ಎಲ್ಲವೂ ಬಂದ್.

ಗ್ರಾಮೊಫೋನಿನವರು ಇಂಥ ದಿನಕ್ಕೇ ಕಾದಿದ್ದರೋ ಏನೋ. ಒಬ್ಬೊಬ್ಬರೇ ಎದ್ದು ತಮ್ಮ ಹ್ಯಾಂಡಲ್ ತಿರುವಿ, ಮುಳ್ಳು ಇಟ್ಟು, ಹಾಡು ಶುರು ಮಾಡಿಯೇ ಬಿಟ್ಟರು. ಠಾಣೆಯ ವರ್ತಕ ನಗರದ ಕಾಕಾ ಅಂತ ಒಬ್ಬರಿದ್ದಾರೆ, ನಮ್ಮಲ್ಲೆಲ್ಲ ಹಿರಿಯರು. ಅವರು 'ಅಸಲಿ' ಅಂದರೆ ಅಸಲಿ, 'ನಕಲಿ' ಅಂದರೆ ನಕಲಿ. ಅವರು ನನ್ನ ಬೆವರಿದ ಮುಖ ನೋಡಿ, ಬೀಸಣಿಗೆ ಕೈಗೆ ಕೊಟ್ಟು, "ಘ್ಯಾ. ಹ್ಯಾಲಾಪಣ ಲೈಟ್ ಲಾಗತ ನಾಹೀ" ಅಂದರು. ತಗೊಳ್ಳಿ, ಇದಕ್ಕೂ ಕರೆಂಟು ಬೇಡ!

ಅವತ್ತೇ ನಿಶ್ಚಯಿಸಿದೆ, ನಾನೂ ಒಂದು ಗ್ರಾಮೊಫೋನು ತರಬೇಕು.

ಲೋಕಲ್‌ನಲ್ಲಿ ಹಾರ್ನು

ತಂದೇಬಿಟ್ಟೆ. ಮಾರಿದವನು ಅದರ ಚರಿತ್ರೆಯನ್ನು ಎಷ್ಟು ಚೆನ್ನಾಗಿ ಹೇಳಿದನೆಂದರೆ, ನಾನು ಪೆಟ್ಟಿಗೆಯನ್ನು ಸರಿಯಾಗಿ ನೋಡಲೇ ಇಲ್ಲ. ಯಾವುದೋ ಸಂಸ್ಥಾನದ ದಿವಾನರ ಮನೆಯದಂತೆ, ನೂರು ವರ್ಷ ಹಳೆಯದಂತೆ. ಹಿತ್ತಾಳೆಯ ಹಾರ್ನು ಕರ್ರಗಾಗಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಭಕ್ತಿ ಬಂತು.

ಠಾಣೆಯಲ್ಲಿ ಸಂಜೆಯ ಗಾಡಿ ಹತ್ತಿದೆ. ಪೆಟ್ಟಿಗೆ ಕಾಲ ನಡುವೆ, ಹಾರ್ನು ತಲೆಯ ಮೇಲೆ. ಕಳವಾ ದಾಟುವಷ್ಟರಲ್ಲಿ ಗರ್ದಿ ಹೆಚ್ಚಾಗಿ ಹಾರ್ನಿನ ಸಣ್ಣ ತುದಿ ಒಬ್ಬ ಯುವಕನ ಬಾಯಿಯ ಹತ್ತಿರ ಹೋಗಿ ನಿಂತಿತು. ಅವನು ಆಗಲೇ ಮೊಬೈಲಿನಲ್ಲಿ ಇನ್ನೂ ಆಫೀಸಿನಲ್ಲೇ ಇದ್ದೇನೆ ಅಂತ ಹೆಂಡತಿಗೆ ಮೆಲ್ಲಗೆ ಸುಳ್ಳು ಹೇಳುತ್ತಿದ್ದ: "ಅಭೀ ಆಫೀಸ್ ಮೇಂ ಹೀ ಹೂಂ. ಮೀಟಿಂಗ್ ಚಾಲೂ ಹೈ."

ಅವನು ಪಿಸುಗುಟ್ಟಿದ್ದು ಹಾರ್ನಿನ ಈ ಕಡೆಯಿಂದ ಅರ್ಧ ಡಬ್ಬಿಗೆ ಕೇಳಿಸಿತು. ಆಮೇಲೆ ಮೂಲೆಯಲ್ಲಿ ತಾಳ ಹಿಡಿದು ಕೂತಿದ್ದ ಭಜನೆಯವರೊಬ್ಬರು ಎದ್ದು, ಹಾರ್ನಿನ ಅಗಲ ಬಾಯಿಗೆ ಮುಖ ಹಾಕಿ ಕೂಗಿದರು: "ಭಾಭೀಜೀ, ಮೀಟಿಂಗ್ ಮುಂಬ್ರಾ ತಕ್ ಆ ಗಯೀ ಹೈ!" ಮೀಟಿಂಗು ಮುಂದಿನ ಸ್ಟೇಷನ್ನು ಮುಂಬ್ರಾದವರೆಗೂ ಬಂದುಬಿಟ್ಟಿದೆಯಂತೆ!

ಡೊಂಬಿವಲಿಯಲ್ಲಿ ಆ ಯುವಕ ನನ್ನ ಹಿಂದೆಯೇ ಇಳಿದ. ಹೊಡೆಯುತ್ತಾನೋ ಅಂತ ಹೆದರಿದೆ. ಪಾಪ, ಕೈ ಮುಗಿದು ಕೇಳಿದ: "ಅಂಕಲ್, ಕಲ್ ಕೌನ್‌ಸೀ ಗಾಡೀ ಪಕಡೋಗೇ? ಮೈಂ ದೂಸರೀ ಪಕಡ್ ಲೂಂಗಾ." ನಾನು ಹತ್ತುವ ಗಾಡಿ ಬಿಟ್ಟು ಬೇರೆಯದು ಹಿಡಿಯುತ್ತಾನಂತೆ!

ಮನೆಯಲ್ಲಿ ಬಾಗಿಲು ತೆರೆದ ಹೆಂಡತಿ ಹಾರ್ನನ್ನೂ ನನ್ನನ್ನೂ ನೋಡಿದಳು. "ಎಂತ ಮಾರಾಯ್ರೆ ಇದು! ಅಮ್ಮ ಬರೋ ಹೊತ್ತಿಗೆ ಜಾಗ ಖಾಲಿ ಮಾಡಿ ಅಂದ್ರೆ ಸೊಂಡಿಲು ತಂದ್ರಾ?"

"ನೂರು ವರ್ಷದ್ದು ಐತಿ. ಅಸಲಿ ಮಾಲು!" ಅಂದೆ.

ಅವಳು ಸ್ವಲ್ಪ ಯೋಚಿಸಿ ಪಂಥ ಕಟ್ಟಿದಳು. "ಸರಿ. ನಿಮ್ಮ ಆ ಠಾಣೆಯ ಕಾಕಾ ಇದು ಅಸಲಿ ಅಂತ ನನ್ನ ಎದುರು ಹೇಳ್ಲಿ. ಮೂಲೆ ನಿಮ್ಮದು, ಅಮ್ಮನಿಗೆ ಬೆಡ್‌ರೂಮು ಬಿಟ್ಟುಕೊಡುವಾ. ಹೇಳದಿದ್ರೆ ಅಮ್ಮನ ಮಂಚ ಮೂಲೆಗೆ, ನಿಮ್ಮ ಡಬ್ಬಗಳು ಮಾಳಾಕ್ಕೆ."

ನಾನು ಎದೆ ತಟ್ಟಿ ಒಪ್ಪಿದೆ.

ವಾಶಿಯ ಮಿಕ್ಸರು

ಕಾಕಾರನ್ನು ಹಿಡಿಯಲು ವಾಶಿಯ ಪ್ರದರ್ಶನಕ್ಕೆ ಬರಿಗೈಯಲ್ಲಿ ಹೋದೆ. ಅದೇ ಕಟ್ಟಡದ ಮೇಲಿನ ಹಾಲ್‌ನಲ್ಲಿ ಯಾರದೋ ಮದುವೆಯ ರಿಸೆಪ್ಶನ್. ನಮ್ಮಲ್ಲಿ ಹಳೆಯ ಹಾಡು, ಹೂವಿನ ಅಲಂಕಾರ ಎಲ್ಲ ನೋಡಿ ಮದುವೆಗೆ ಬಂದವರೊಬ್ಬರು ನೇರ ಒಳಗೆ ಬಂದು, ಉಡುಗೊರೆಗೆ ತಂದಿದ್ದ ಮಿಕ್ಸರನ್ನು ಮೇಜಿನ ಮೇಲೆ ಇಟ್ಟು, ಊಟದ ಸಾಲು ಹುಡುಕುತ್ತ ಹೋಗಿಬಿಟ್ಟರು. ಮೇಲಿನ ಬಣ್ಣದ ಕಾಗದ ಎಲ್ಲೋ ಕಳಚಿತ್ತು. ಮಿಕ್ಸರು ಎರಡು ರೇಡಿಯೋಗಳ ನಡುವೆ ಬೆತ್ತಲೆ ಕೂತಿತ್ತು.

ಮುಟ್ಟಬಾರದೆಂದು ನಾವೇ ಬೋರ್ಡು ಹಾಕಿದ್ದರಿಂದ ಯಾರೂ ಅದನ್ನು ಮುಟ್ಟಲಿಲ್ಲ. ಜನ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿ, ತಲೆಯಾಡಿಸಿ ಮುಂದೆ ಹೋದರು. ಒಬ್ಬರು ಫೋಟೋ ತೆಗೆದರು. ಸಾನಪಾಡಾದ ಒಬ್ಬ ಸಂಗ್ರಾಹಕರಂತೂ ಅದರ ಎದುರು ಬಹಳ ಹೊತ್ತು ನಿಂತು, "ಕಂಡೀಶನ್ ಏಕದಮ್ ಫಸ್ಟ್‌ಕ್ಲಾಸ್. ಕೊಡುವವರಿದ್ದಾರಾ?" ಅಂತ ನನ್ನನ್ನೇ ಕೇಳಿದರು.

ಸಂಜೆ ಮೇಲಿನಿಂದ ಮದುಮಗನ ಮಾವ ಓಡಿ ಬಂದು ಮಿಕ್ಸರು ಎತ್ತಿಕೊಂಡರು. ಸಾನಪಾಡಾದವರು ಅವರನ್ನು ಬಾಗಿಲಲ್ಲಿ ತಡೆದರು: "ಸಾಹೇಬ, ಮುಟ್ಟಬಾರದು ಅಂತ ಬರೆದದ್ದು ಕಾಣಲ್ವಾ?"

ಈ ಗಲಾಟೆಯಲ್ಲಿ ಕಾಕಾ ನನಗೆ ಸಿಕ್ಕದ್ದು ಮೆಟ್ಟಿಲ ಮೇಲೆ. "ನೆರೂಳದ ಪ್ರದರ್ಶನಕ್ಕೆ ತಗೊಂಡು ಬಾ, ನೋಡೋಣ. ಒಂದು ಮಾತು ನೆನಪಿಡು, ಒರೆಸಬೇಡ. ಧೂಳೇ ಅದರ ಜನ್ಮಪತ್ರಿಕೆ" ಅಂತ ಮರಾಠಿಯಲ್ಲಿ ಹೇಳಿ ಇಳಿದು ಹೋದರು.

ಹುಣಸೆಹಣ್ಣು

ಈ ಮಾತನ್ನು ನಾನು ಮನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ.

ನೆರೂಳದ ಪ್ರದರ್ಶನದ ಹಿಂದಿನ ದಿನ ನಾನು ಆಫೀಸಿನಿಂದ ಬಂದಾಗ ಹಾರ್ನು ಬಾಲ್ಕನಿಯಲ್ಲಿ ಬೋರಲು ಬಿದ್ದಿತ್ತು. ಥಳಥಳ ಹೊಳೆಯುತ್ತಿತ್ತು. ಹೆಂಡತಿ ಕೈ ತೊಳೆಯುತ್ತ ಹೇಳಿದಳು, "ನಾಲ್ಕು ಜನರ ಎದುರು ಮಸಿ ಹಿಡಿದ ಹಿತ್ತಾಳೆ ಇಡ್ತೀರಾ? ಈ ಮನೆಯಲ್ಲಿ ಹೆಂಗಸರು ಇಲ್ಲ ಅಂತ ಹೇಳ್ತಾರೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಮಗಳು ನೀರು ತಂದು ಕೊಟ್ಟು, "ಪಪ್ಪಾ, ಅಚ್ಛಾ ತೋ ದಿಖ್ ರಹಾ ಹೈ" ಅಂದಳು. ಚೆಂದ ಕಾಣುತ್ತದಂತೆ!

ಮಾರನೆಯ ದಿನ ತೀರ್ಪು ಕೇಳಲು ಹೆಂಡತಿಯೂ ನೆರೂಳಕ್ಕೆ ಬಂದಳು. ಕಾಕಾ ದೂರದಿಂದ ಆ ಹೊಳಪು ಕಂಡೇ ಹಣೆ ಚಚ್ಚಿಕೊಂಡರು. "ಅರೇರೇ! ಕುಣೀ ಕೇಲಂ ಹೇ?" ಯಾರ ಕೆಲಸ ಇದು ಅಂತ ಕೇಳಿದ್ದಕ್ಕೆ ಹೆಂಡತಿ ಅಭಿಮಾನದಿಂದ, "ಮೀ," ನಾನೇ, ಅಂದಳು. ಕಾಕಾ ಭೂತಗನ್ನಡಿ ತೆಗೆದು ಹಾರ್ನಿನೊಳಗೆ ತಲೆ ಹಾಕಿದರು. ಸುತ್ತ ಜನ ಸೇರಿದರು.

ಪಾತ್ರೆ ಕೊಡುವವರು ಅದರ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೆ ಗೊತ್ತಲ್ಲ, ಚುಕ್ಕೆ ಚುಕ್ಕೆ ಅಕ್ಷರಗಳಲ್ಲಿ? ಕಾಕಾ ಹಾರ್ನಿನ ಒಳಗಿನಿಂದಲೇ ನಿಧಾನವಾಗಿ ಓದಿದರು. ಹಾರ್ನಿನ ಗುಣ ನೋಡಿ, ಇಡೀ ಹಾಲ್‌ಗೆ ಕೇಳಿಸಿತು:

"ಮಾವಶೀಕಡೂನ ಸಪ್ರೇಮ ಭೇಟ."

ಚಿಕ್ಕಮ್ಮನ ಪ್ರೀತಿಯ ಉಡುಗೊರೆ! ಯಾರದೋ ಮದುವೆಗೆ ಚಿಕ್ಕಮ್ಮ ಕೊಟ್ಟ ಹಂಡೆಯನ್ನು ಕತ್ತರಿಸಿ, ಬಡಿದು, ಹಾರ್ನು ಮಾಡಿ, ಮೇಲೆ ಕಪ್ಪು ಬಳಿದು ದಿವಾನರ ಮನೆಗೆ ಸೇರಿಸಿದ್ದರು. ಕಾಕಾ ತಲೆ ಹೊರಗೆ ತೆಗೆದು ತೀರ್ಪು ಕೊಟ್ಟರು: "ಮಾವಶೀ ಅಸಲಿ ಆಹೇ. ಹಾರ್ನ್ ನಕಲೀ."

ನಗು ನಿಂತ ಮೇಲೆ ನಾನು ಹೆಂಡತಿಗೆ, "ತಿಕ್ಕೋ ಹೊತ್ತಿನ್ಯಾಗ ನಿನಗ ಕಾಣಲಿಲ್ಲೇನು?" ಅಂತ ಕೇಳಿದೆ.

"ನಿನ್ನೆಯೇ ಓದಿದೆ. ನಿಮ್ಮ ಕಾಕಾ ಎಂತ ಹೇಳ್ತಾರೆ ನೋಡುವಾ ಅಂತ ಸುಮ್ಮನಿದ್ದೆ."

ಆಮೇಲೆ ಅವಳು ಪ್ರದರ್ಶನ ನೋಡಲು ಒಂದು ಸುತ್ತು ಹೊರಟಳು. ಅವಳು ಹತ್ತಿರ ಬಂದಂತೆ ಒಬ್ಬೊಬ್ಬರೇ ತಮ್ಮ ಹಾರ್ನುಗಳ ಮೇಲೆ ಟವಲು ಮುಚ್ಚತೊಡಗಿದರು. ಒಬ್ಬರಂತೂ ಕೇಳಿಯೇ ಬಿಟ್ಟರು: "ವಹಿನೀ, ಪರ್ಸಿನಲ್ಲಿ ಹುಣಸೆಹಣ್ಣು ಇಲ್ಲ ತಾನೆ?"

ಅತ್ತೆಯ ಗಂಟು

ಸೋತವನು ಸೋತ ಹಾಗಿರಬೇಕು. ರೇಡಿಯೋಗಳನ್ನು ನಾನೇ ಒಂದೊಂದಾಗಿ ಹಳೆ ಚಾದರದಲ್ಲಿ ಸುತ್ತಿ ಮಾಳಾಕ್ಕೆ ಏರಿಸಿದೆ. ಕೊನೆಯದನ್ನು ಏರಿಸುವಾಗ ಕಣ್ಣು ತುಂಬಿ ಬಂತು. ಧೂಳು ಬಿತ್ತು ಅಂತ ಮಗಳಿಗೆ ಹೇಳಿದೆ. ಮೂಲೆಗೆ ಮಂಚ ಬಂತು.

ಅತ್ತೆಯನ್ನು ಕರೆತರಲು ಪನವೇಲ ಸ್ಟೇಷನ್ನಿಗೆ ಹೋದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟಿನ ಮೇಲೆ. ನಾನು ಎತ್ತಲು ಹೋದರೆ, "ಮೆಲ್ಲ ಹಿಡ್ಕೊಳ್ಳಿ ಅಳಿಯಂದ್ರೇ, ಒಡೀತದೆ" ಅಂದರು. ಉಪ್ಪಿನಕಾಯಿ ಭರಣಿ ಇರಬೇಕು ಅಂದುಕೊಂಡೆ.

ಮನೆಗೆ ಬಂದು, ಮಂಚದ ಮೇಲೆ ಕೂತು, ಅತ್ತೆ ಗಂಟು ಬಿಚ್ಚಿದರು. ಒಳಗಿದ್ದದ್ದು ತೇಗದ ಮೈಯ, ದಂತದ ಬಣ್ಣದ ಗುಂಡಿಗಳ ದೊಡ್ಡ ವಾಲ್ವ್ ರೇಡಿಯೋ. ಮಾವನವರದು. ಊರೂರಿನ ಪ್ರದರ್ಶನ ಅಲೆದರೂ ನನಗೆ ಸಿಗದಂಥದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಹೆಂಡತಿಯ ತವರಿನಲ್ಲಿ ನಾನು ಎಂದೂ ಅಟ್ಟ ಹತ್ತಿ ನೋಡಿರಲಿಲ್ಲ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹೆಂಡತಿಯ ಮುಖ ನೋಡಿ ಕುಣಿಯಲಿಲ್ಲ.

"ಅಮ್ಮಾ, ಇದು ಹಾಡ್ತದಾ?" ಹೆಂಡತಿ ಕೇಳಿದಳು.

"ಇಲ್ಲ."

"ಮತ್ತೆ ಎಂತಕ್ಕೆ ಹೊತ್ಕೊಂಡು ಬಂದದ್ದು?"

"ನಿನ್ನ ಅಪ್ಪ ಮಾತಾಡ್ತಿದ್ರಾ? ಹಾಗಂತ ನಾನು ಅವರನ್ನು ಮನೆಯಿಂದ ಹೊರಗೆ ಹಾಕಿದ್ನಾ?" ಅಂದರು ಅತ್ತೆ. ರೇಡಿಯೋವನ್ನು ತಮ್ಮ ತಲೆದೆಸೆಗೆ, ಕಿಟಕಿ ಮೂಲೆಯಲ್ಲೇ ಇಟ್ಟುಕೊಂಡರು. ಆಮೇಲೆ ಸೆರಗಿನಿಂದ ಅದರ ಮೈ ಒರೆಸುತ್ತ, "ಒಂದೇ ಇದ್ರೆ ಇದಕ್ಕೂ ಬೇಜಾರು. ಅಳಿಯಂದಿರದ್ದು ಮೇಲೆ ಇದೆಯಂತೆ, ಅದನ್ನೂ ಕೆಳಗೆ ಇಳಿಸು" ಅಂದರು. ಫೋನಿನಲ್ಲಿ ಮಗಳು ಅಜ್ಜಿಗೆ ಎಲ್ಲ ವರದಿ ಕೊಟ್ಟಿದ್ದಳು ಅಂತ ಕಾಣುತ್ತದೆ.

ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ಕೊನೆಯ ಅಸ್ತ್ರ ತೆಗೆದಳು. "ಅಮ್ಮಾ, ಈ ಮನೆಯಲ್ಲಿ ಒಂದು ಕಾನೂನು ಉಂಟು. ಒಂದು ಒಳಗೆ ಬಂದ್ರೆ ಒಂದು ಹೊರಗೆ ಹೋಗ್ಬೇಕು."

ಅತ್ತೆ ಶಾಂತವಾಗಿ, "ಆಯ್ತು, ಯಾವುದು ಅಂತ ನೀನೇ ನೋಡು" ಅಂದರು.

ಹೆಂಡತಿ ನೋಡಿದಳು. ರೇಡಿಯೋ ನೋಡಿದಳು, ಅಮ್ಮನನ್ನು ನೋಡಿದಳು, ಟೀವಿ, ಸೋಫಾ, ಮಗಳು, ಎಲ್ಲದರ ಮೇಲೂ ಕಣ್ಣು ಹಾಯಿಸಿದಳು. ಕೊನೆಗೆ ಆ ಕಣ್ಣು ನನ್ನ ಮೇಲೆ ಬಂದು ನಿಂತಿತು.

ನಾನು ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೋದೆ.