ಎದುರು ಮನೆಯ ಬೆಕ್ಕಿನ ಹೊಟ್ಟೆ

ಮನೆಯಲ್ಲಿ ಒಂದು ಬೆಕ್ಕಿದ್ದರೆ ನಗುವಂಥದ್ದು ಏನಾದರೂ ನಡೆಯುತ್ತಲೇ ಇರುತ್ತದೆ. ಆ ಬೆಕ್ಕು ಎದುರು ಮನೆಯವರದ್ದಾಗಿ, ಅದರ ಹೊಟ್ಟೆಯೂ ಕೆಟ್ಟಿದ್ದರೆ ನಗುವ ಕೆಲಸ ಊರಿನವರದ್ದು, ಒರೆಸುವ ಕೆಲಸ ನಮ್ಮದು. ನಾನು ಹುಟ್ಟಿದ್ದು ಕುಮಟಾ ಕಡೆ. ಸಾಲೆ ಕಲಿಸಲೆಂದು ಭಾಲ್ಕಿ ತಾಲೂಕಿನ ಹಲಬರ್ಗಾಕ್ಕೆ ಬಂದವಳು ಇಲ್ಲೇ ಮುದುಕಿಯಾದೆ. ಇಲ್ಲಿಯವರಿಗೆ ಇವತ್ತಿಗೂ ನಾನು ಟೀಚರ್.

೧. ಹೆಸರು

ಎರಡು ವರ್ಷ ಮಳೆ ಬೀಳಲಿಲ್ಲ. ಓಣಿಯ ಅರ್ಧ ಮನೆಗಳಿಗೆ ಬೀಗ ಬಿತ್ತು. ಎದುರು ಮನೆಯಾಕೆಯೂ ಗಂಡನ ಜೊತೆ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಳು. ಹೋಗುವ ಮುಂಜಾನೆ ಒಂದು ಚೀಲ, ಒಂದು ಬೆಕ್ಕು ತಂದು ನನ್ನ ಪಡಸಾಲೆಯಲ್ಲಿ ಇಟ್ಟಳು.

“ಟೀಚರ್, ಚೀಲದಾಗ ಬೀಜದ ಜೋಳ ಅದರಿ. ಮಳಿ ಬಂದ್ರ ಇದನ್ನೇ ಬಿತ್ತಬೇಕು, ಬ್ಯಾರೆ ಇಲ್ಲ. ಇಲಿ ಮುಟ್ಟಬಾರದಂತ ಬೆಕ್ಕೂ ತಂದೀನಿ.”

“ಇದು ಏನು ತಿನ್ನುತ್ತೆ?”

“ಏನ್ ಕೊಟ್ರೂ ತಿಂತದರಿ.”

“ಹೆಸರೇನು?”

ಅವಳು ನನ್ನನ್ನು ಒಂದು ಥರಾ ನೋಡಿದಳು. “ಬೆಕ್ಕಿಗಿ ಹೆಸರ್ ಯಾಕರಿ? ಕರದ್ರ ಅದೇನ್ ಬರ್ತದೇನು?”

೨. ಖಾಲಾ ಹೇಳಿದ ಔಷಧ

ನಮ್ಮ ಕಡೆ ಬೆಕ್ಕಿಗೆ ಹಾಕುವುದೆಂದರೆ ಹಾಲು, ಅನ್ನ. ಬರಗಾಲದಲ್ಲಿ ಹಾಲಿನವನು ಅಳೆದು ಸುರಿಯುತ್ತಿದ್ದ. ಇನ್ನೊಬ್ಬರ ಬೆಕ್ಕಿಗೆ ಕಡಿಮೆ ಮಾಡಬಾರದೆಂದು ನಾನು ಕರಿ ಚಹಾ ಕುಡಿದು ಹಾಲನ್ನೆಲ್ಲ ಅದಕ್ಕೇ ಇಟ್ಟೆ. ಅದು ಖುಷಿಯಿಂದ ಕುಡಿಯಿತು. ಆಮೇಲೆ ಮನೆಯ ಒಂದೊಂದು ಮೂಲೆಯಲ್ಲೂ ತನ್ನ ಹೊಟ್ಟೆಯ ಸುದ್ದಿ ಬಿಟ್ಟು ಬಂತು. ಒಮ್ಮೆ ತೆಳ್ಳಗೆ, ಒಮ್ಮೆ ನೊರೆ ನೊರೆ, ಒಮ್ಮೆ ಮೇಲಿನಿಂದಲೇ ವಾಪಸ್ಸು. ಹೀಗೇಕೆ ಎಂದು ತಿಳಿಯುವ ಹಟದಲ್ಲಿ ನಾನು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಬಗ್ಗಿ ಪರೀಕ್ಷೆ ಮಾಡುತ್ತಿದ್ದೆ.

ಬಾಜೂ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮ, ಬಾಗಿಲಲ್ಲೇ ನಿಂತು ಹೇಳಿದರು: “ಇಸಬಗೋಲ್ ಕೊಡ್ರಿ ಟೀಚರ್. ಹಾಲಿನಾಗ ಕಲಸಿ ಕೊಡ್ರಿ.”

“ಅದು ಹೊಟ್ಟೆ ಕಟ್ಟಿದ್ದಕ್ಕೋ, ಹರಿಯುವುದಕ್ಕೋ?”

“ಎರಡಕ್ಕೂ ಅದೇರಿ. ಒಳಗ ಹೋಗಿ ನೋಡಿ, ಏನ್ ಬೇಕೋ ಅದು ಮಾಡ್ತದ.”

ಕಲಸಿಟ್ಟೆ. ಬೆಕ್ಕು ಮೇಲಿನ ಹಾಲಷ್ಟನ್ನೇ ನಾಜೂಕಾಗಿ ನೆಕ್ಕಿ, ತಳದ ಲೋಳೆಯನ್ನು ಹಾಗೇ ಬಿಟ್ಟು, ನಮ್ಮಿಬ್ಬರ ಕಡೆ ಬೆನ್ನು ಮಾಡಿ ಕೂತಿತು.

ಖಾಲಾ ಬಟ್ಟಲು ನೋಡಿ ನಿಟ್ಟುಸಿರು ಬಿಟ್ಟರು. “ನಮ್ಮನಿಯವರೂ ಖರೇ ಹಿಂಗೇ ಮಾಡ್ತಾರರಿ.”

೩. ಭಾಲ್ಕಿ ದವಾಖಾನೆ

ಬೆಕ್ಕು ಸೊರಗಿತು. ಅದು ಸತ್ತರೆ ಇಲಿಗಳಿಗೆ ಹಬ್ಬ, ಬೀಜ ಹೋದರೆ ಎದುರು ಮನೆಯಾಕೆಯ ಹೊಲ ಇನ್ನೊಂದು ವರ್ಷ ಪಾಳು. ಬೆಕ್ಕನ್ನು ಕೈಚೀಲದಲ್ಲಿ ಹಾಕಿ, ತಲೆಯಷ್ಟೇ ಹೊರಗೆ ಬಿಟ್ಟು, ಭಾಲ್ಕಿ ಬಸ್ಸು ಹತ್ತಿದೆ. ಗಂಟುಮೂಟೆ ಹೊತ್ತು ಊರು ಬಿಡುವವರಿಂದ ಬಸ್ಸು ತುಂಬಿತ್ತು. ನಿಲ್ಲಲೂ ಜಾಗವಿಲ್ಲ.

“ಬೆಕ್ಕಿಗಿ ಏನಾಗ್ಯಾದರಿ?” ಎಂದ ಕಂಡಕ್ಟರ್.

“ಹೊಟ್ಟೆ ಕೆಟ್ಟಿದೆ,” ಎಂದೆ.

ಮೂವರು ಕೂರುವ ಸೀಟು ನನಗೊಬ್ಬಳಿಗೇ ಸಿಕ್ಕಿತು.

ದನದ ದವಾಖಾನೆಯಲ್ಲಿ ಎತ್ತು, ಎಮ್ಮೆಗಳ ಸಾಲು. ಡಾಕ್ಟರರು ಆ ಬೇಸಿಗೆಯೆಲ್ಲ ಮೇವಿನ ಕ್ಯಾಂಪಿನಲ್ಲಿ ಬರೀ ದನ ನೋಡಿ ದಣಿದಿದ್ದರು. ನಮ್ಮ ಪಾಳಿ ಬಂದಾಗ ತಲೆ ಎತ್ತದೆ ಕೇಳಿದರು:

“ಎಷ್ಟ್ ದಿನದಿಂದ?”

“ಬಹಳ ದಿನವಾಯಿತು.”

“ಮೆಲಕು ಹಾಕ್ಲಾಕತ್ತದೇನ್ರಿ?”

“ಇಲ್ಲ. ನುಂಗಿದ್ದನ್ನು ಬಾಯಿಗೆ ತರುತ್ತೆ, ಆದರೆ ಮತ್ತೆ ನುಂಗುವುದಿಲ್ಲ.”

ಆಗ ತಲೆ ಎತ್ತಿದರು. ಚೀಲದಿಂದ ಬೆಕ್ಕೂ ಅವರನ್ನೇ ನೋಡುತ್ತಿತ್ತು. ಪಾಪ, ನಾಚಿಕೊಂಡು, ಒಂದು ಗುಳಿಗೆಯನ್ನು ನಾಲ್ಕು ಚೂರು ಮಾಡಿ, “ಅದು ಇಷ್ಟಪಡೂದ್ರಾಗ ಹಾಕಿ ಕೊಡ್ರಿ,” ಎಂದರು. ಅದು ಇಷ್ಟಪಡುತ್ತಿದ್ದದ್ದು ಹಾಲು.

ಹಿಂದೆ ಎಮ್ಮೆ ಹಿಡಿದು ನಿಂತಿದ್ದ ಮುದುಕ ಎಲ್ಲ ಕೇಳಿಸಿಕೊಂಡಿದ್ದ. “ಸಾಹೇಬ್ರ, ಮೆಲಕು ಹಾಕೂ ಬೆಕ್ಕ ಎಲ್ಲ್ಯಾರ ಇದ್ರ ಹೇಳ್ರಿ. ಈ ಎಮ್ಮಿ ಬಿಟ್ಟು ಅದನ್ನೇ ಕಟ್ತೇನಿ. ಮೇವರೆ ಉಳೀತದ.”

೪. ಶಾಭಾಸ್

ಗುಳಿಗೆ ಮುಗಿದರೂ ಹೊಟ್ಟೆ ನಿಲ್ಲಲಿಲ್ಲ. ಬೆಕ್ಕಿನ ಸ್ಥಿತಿ ಮನುಷ್ಯರಿಗಿಂತ ಮೊದಲು ಇಲಿಗಳಿಗೆ ತಿಳಿಯುತ್ತದೆ. ಒಂದು ಮಧ್ಯಾಹ್ನ ಚೀಲದ ಮೇಲೆ ಇಲಿ ಕೂತು ಮೀಸೆ ತೀಡುತ್ತಿತ್ತು. ಬೆಕ್ಕು ಅದನ್ನು ನೋಡಿತು, ಇದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಕಣ್ಣು ಮುಚ್ಚಿತು. ಅವತ್ತೇ ನಾನು ನನ್ನ ಮಂಚವನ್ನು ಚೀಲಕ್ಕೆ ತಾಗಿಸಿ ಹಾಕಿಕೊಂಡೆ. ಕೈಯಲ್ಲಿ ಸಾಲೆಯ ಕಾಲದ ಬೆತ್ತ. ಮಕ್ಕಳ ಮೇಲೆ ಎತ್ತದಿದ್ದದ್ದು ಇಲಿಗಳ ಮೇಲೆ ಎತ್ತಿದೆ.

ಖಾಲಾ ಮನೆಯ ಫೋನಿಗೆ ಪುಣೆಯಿಂದ ಕರೆ ಬರುತ್ತಿತ್ತು.

“ಜೋಳ ಹ್ಯಾಂಗ ಅದರಿ ಟೀಚರ್?”

“ಒಂದು ಕಾಳೂ ಹೋಗಿಲ್ಲ.”

“ಹೌದಾ? ಹಂಗಾರ ಬೆಕ್ಕಿಗಿ ನನ್ ಕಡಿಂದ ಶಾಭಾಸ್ ಅನ್ರಿ.”

ಮನೆಗೆ ಬಂದು, ಬೆತ್ತ ಗೋಡೆಗೆ ಒರಗಿಸಿ, ಬೆಕ್ಕಿಗೆ ಶಾಭಾಸ್ ಎಂದೆ. ಅದು ಎದ್ದು ಬಂದು ಹಾಲು ಕೇಳಿತು.

೫. ಮಳೆ ಬಂದ ಮೇಲೆ

ಮೂರನೆಯ ವರ್ಷ ಮೃಗಶಿರಾದಲ್ಲಿ, ಇಲ್ಲಿಯವರ ಮಿರ್ಗದಲ್ಲಿ, ಮಳೆ ಹಿಡಿಯಿತು. ಗಂಡಹೆಂಡತಿ ಬಂದವರೇ ಸೀದಾ ನನ್ನ ಮನೆಗೆ ಬಂದರು. ಅವಳು ಚೀಲ ಬಿಚ್ಚಿ, ಮೊಳಕೈವರೆಗೆ ಕೈ ಇಳಿಸಿ, ತಳದ ಕಾಳು ತೆಗೆದು ಕಚ್ಚಿ ನೋಡಿದಳು. “ಬರೋಬರ್ ಅದ,” ಎಂದು ಗಂಡನಿಗೆ ಹೇಳಿದಳು. ಆಮೇಲೆ ಮಂಚದ ಕೆಳಗಿನ ಬೆಕ್ಕು ಕಣ್ಣಿಗೆ ಬಿತ್ತು. ಬಾಲವೇ ಮೈಗಿಂತ ದಪ್ಪ.

“ಇದಕ್ಕೇನ್ ಹಾಕಿದ್ರಿ ಟೀಚರ್?”

“ಹಾಲು. ಎರಡೂ ಹೊತ್ತು.”

“ಹಾಲ?” ಅವಳು ನೆಲಕ್ಕೇ ಕೂತಳು. “ನಮ್ಮನಿಯಾಗ ಅದು ಹಾಲಿನ ಮಾರಿ ನೋಡಿಲ್ರಿ. ಹುಟ್ಟಿದಾಗಿಂದ ರೊಟ್ಟಿ ತಿಂದು ಬೆಳದದ.”

ಪ್ರಯಾಣದ ಗಂಟಿನಲ್ಲಿ ಉಳಿದಿದ್ದ, ಒಣಗಿ ಕಟಕಾದ ಜೋಳದ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಇಟ್ಟಳು. ಬೆಕ್ಕು ತಲೆ ಎತ್ತದೆ ತಿಂದಿತು. ಬಿತ್ತುವವರೆಗೆ ಚೀಲವೂ ಬೆಕ್ಕೂ ನನ್ನಲ್ಲೇ ಉಳಿದವು. ಮರುದಿನ ಮೂಲೆಗಳು ಒಣಗಿದ್ದವು. ಬಿತ್ತನೆಯ ಹೊತ್ತಿಗೆ ಅದು ಒಂದು ಇಲಿ ಹಿಡಿದು ತಂದು ನನ್ನ ಮಂಚದ ಕೆಳಗೇ ತಿಂದಿತು.

ಬೀಜದ ಚೀಲ ಎತ್ತಲು ಬಂದ ದಿನ ಅವಳು ಅದನ್ನು ನೋಡಿ, ಏನೋ ಲೆಕ್ಕ ಹಾಕಿ ಕೇಳಿದಳು:

“ಹೊಟ್ಟಿ ಕೆಟ್ಟು ಬಿದ್ದಿತ್ತಂದ್ರ, ಇಷ್ಟ್ ದಿನ ಇಲಿ ಬರದಂಗ ಕಾಯ್ದವರು ಯಾರ್ರಿ?”

“ನಾನೇ.”

“ಮತ್ತ ಹಾಲು?”

“ಅದು ಕುಡಿಯಿತು.”

ಅವಳು ಚೀಲವನ್ನು ಗಂಡನ ಹೆಗಲಿಗೆ ಹೊರಿಸಿ, ಬೆಕ್ಕನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು, ಹೊಸ್ತಿಲಲ್ಲಿ ನಿಂತು ಹೇಳಿದಳು: “ಮಳಿ ಮತ್ತ ಕೈ ಕೊಟ್ರ ಜೋಳ ಅಷ್ಟೇ ನಿಮ್ಮ ಬಲ್ಲಿ ಬಿಟ್ಟು ಹೋಗ್ತೇನ್ರಿ ಟೀಚರ್. ಬೆಕ್ಕ ನಾ ಪುಣೇಕ್ಕ ಒಯ್ತೇನಿ.”